ಭೋಗ್ಯಕ್ಕೆ ಮನೆ ಹಿಡಿಯೋ ಮುಂಚೆ ಒಂದ್ಸಲ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿ, ಪ್ಲೀಸ್

ಬೆಂಗಳೂರಲ್ಲಿ ಯಾವ ಏರಿಯಾಗೆ ಹೋದ್ರೂ "ಮನೆ ಭೋಗ್ಯಕ್ಕಿದೆ" ಅಂತ ಒಂದು ಬೋರ್ಡ್ ಗೇಟಲ್ಲಿ ನೇತಾಡ್ತಿರತ್ತೆ. ತಿಂಗಳ ಬಾಡಿಗೆ ಇಲ್ಲ, ಒಂದೇ ಸಲ ಹತ್ತೋ ಹನ್ನೆರಡೋ ಲಕ್ಷ ಕೊಟ್ರೆ ಎರಡ್ಮೂರು ವರ್ಷ ಇದ್ದು, ಖಾಲಿ ಮಾಡುವಾಗ ಅಷ್ಟೂ ದುಡ್ಡು ವಾಪಸ್. ನಮ್ಮಕ್ಕ-ಭಾವ ಲಗ್ಗೆರೆ ಕಡೆ ಒಂದು ಟೂ ಬಿಎಚ್‌ಕೆಗೆ ಹಿಂಗೇ 10 ಲಕ್ಷ ಕೊಟ್ರು, ಅದ್ರಲ್ಲಿ 4 ಲಕ್ಷ ಊರಲ್ಲಿ ಜಮೀನು ಮಾರಿದಾಗ ಅಪ್ಪ ಅವಳ ಪಾಲಿಗೆ ಅಂತ ಕೊಟ್ಟಿದ್ದು.

ಹದಿನಾಲ್ಕನೇ ತಿಂಗಳು, ಒಂದಿನ ಬೆಳಗ್ಗೆ ಹಾಲು ತರೋಕೆ ಕೆಳಗಿಳಿದ್ರೆ ಗೋಡೆ ಮೇಲೆ ಬ್ಯಾಂಕಿನ ನೋಟಿಸ್. ಓನರ್ ಮನೆ ಮೇಲೆ ಸಾಲ ತಗೊಂಡು ಕಂತು ಕಟ್ಟಿರ್ಲಿಲ್ಲ. ಸಾಲ ಕಟ್ಟದಿದ್ರೆ ಅಡ ಇಟ್ಟ ಆಸ್ತೀನ ಬ್ಯಾಂಕು ವಶ ಮಾಡ್ಕೊಳ್ಳೋಕೆ ಇರೋ 2002ರ ಸರ್ಫೇಸಿ ಕಾಯ್ದೆ ಪ್ರಕಾರ ಬ್ಯಾಂಕು ಮೊದ್ಲು 60 ದಿನದ ನೋಟಿಸ್ ಕೊಡ್ಲೇಬೇಕು, ಆದ್ರೆ ಅದು ಹೋಗೋದು ಸಾಲ ತಗೊಂಡವರಿಗೆ, ಆ ಮನೇಲಿ ಸಂಸಾರ ಮಾಡ್ತಿರೋರಿಗಲ್ಲ. ಸ್ವಾಧೀನದ ನೋಟಿಸ್ ಗೋಡೆಗೆ ಅಂಟಿಸಿ ಪೇಪರಲ್ಲಿ ಹಾಕೋ ಹೊತ್ತಿಗೇ ನಮಗೆ ಗೊತ್ತಾಗೋದು, ಅಷ್ಟೊತ್ತಿಗೆ ಓನರ್ ಫೋನ್ ಸ್ವಿಚ್ ಆಫ್.

ಅವತ್ತಿಂದ ನನ್ನ ತಲೇಲಿ ಒಂದು ಲೆಕ್ಕ ಕೂತ್ಬಿಟ್ಟಿದೆ, ನೀವೂ ಹಾಕಿ ನೋಡಿ. ಆ ಮನೆ ಬಾಡಿಗೆಗೆ ಕೊಟ್ಟಿದ್ರೆ ತಿಂಗಳಿಗೆ 16 ಸಾವಿರ ಬರ್ತಿತ್ತು, ವರ್ಷಕ್ಕೆ 1 ಲಕ್ಷದ 92 ಸಾವಿರ. ನಮ್ಮ 10 ಲಕ್ಷಕ್ಕೋಸ್ಕರ ಓನರ್ ಅಷ್ಟನ್ನೂ ಬಿಟ್ಟುಕೊಟ್ರು ಅಂದ್ರೆ ವರ್ಷಕ್ಕೆ 19 ಪರ್ಸೆಂಟ್ ಬಡ್ಡಿಗೆ ನಮ್ಮ ಹತ್ರ ಸಾಲ ತಗೊಂಡಂಗೆ! ಮನೆ ಅಡ ಇಟ್ರೆ ಬ್ಯಾಂಕಲ್ಲಿ ಅದಕ್ಕಿಂತ ಎಷ್ಟೋ ಕಮ್ಮಿಗೆ ಸಿಗತ್ತಲ್ಲ, ಮತ್ಯಾಕೆ ನಮ್ಮ ಹತ್ರ ಬಂದ್ರು? ಕೆಲವರಿಗೆ ಮಗಳ ಮದುವೆ, ಮೇಲಿನ ಫ್ಲೋರ್ ಕಟ್ಸೋದು, ಇಂಥ ಸರಿಯಾದ ಕಾರಣಾನೇ ಇರತ್ತೆ. ಆದ್ರೆ ಬ್ಯಾಂಕಲ್ಲಿ ಇನ್ನು ಹುಟ್ಟಲ್ಲ ಅಂತ ಆದ್ಮೇಲೆ ಭೋಗ್ಯದ ಬೋರ್ಡ್ ಹಾಕೋರೂ ಇದಾರೆ, ಅದಕ್ಕೇ ದುಡ್ಡು ಯಾಕೆ ಬೇಕಾಗಿದೆ ಅಂತ ಬಾಯ್ಬಿಟ್ಟು ಕೇಳಿ.

ಕೇಳಿದ್ಮೇಲೆ ಪೇಪರ್ ನೋಡಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲಿ ಇಸಿಗೆ, ಅಂದ್ರೆ ಆ ಮನೆ ಮೇಲೆ ಯಾವ್ಯಾವ ವ್ಯವಹಾರ ನೋಂದಣಿ ಆಗಿದೆ ಅಂತ ತೋರ್ಸೋ ಋಣಭಾರ ಪ್ರಮಾಣಪತ್ರಕ್ಕೆ, ಆನ್‌ಲೈನಲ್ಲೇ ಅರ್ಜಿ ಹಾಕ್ಬಹುದು. ಏನೂ ನೋಂದಣಿ ಆಗಿಲ್ಲ ಅಂದ್ರೆ ಫಾರಂ 16 ಬರತ್ತೆ, ಆಗಿದ್ರೆ ಫಾರಂ 15, ಅದ್ರಲ್ಲಿ ಅಡಮಾನ ಅಂತ ಯಾವ್ದಾದ್ರೂ ಸಾಲು ಇದ್ಯಾ, ಇದ್ರೆ ಅದು ತೀರಿದೆ ಅಂತ ಇನ್ನೊಂದು ಸಾಲು ಇದ್ಯಾ ನೋಡಿ. ಬರೀ ಪತ್ರ ಇಟ್ಟು ತಗೊಂಡ ಸಾಲ ಕೆಲವೊಮ್ಮೆ ಇಸಿಲಿ ಕಾಣಲ್ಲ, ಅದಕ್ಕೆ ಬ್ಯಾಂಕಿಗೆ ಅಡ ಇಟ್ಟ ಆಸ್ತಿಗಳ ದಾಖಲೆ ಇಡೋ ಸೆರ್ಸಾಯ್ ಅಂತ ಕೇಂದ್ರದ ವೆಬ್‌ಸೈಟ್ ಇದೆ, ಸಣ್ಣ ಫೀಸ್ ಕಟ್ಟಿ ಹುಡುಕ್ಬಹುದು. ಮನೆ ಮೇಲೆ ಲೋನ್ ಇದ್ರೆ ಬೇಡ್ವೇ ಬೇಡ ಅಂತಲ್ಲ, ಎಷ್ಟು ಬಾಕಿ ಇದೆ, ಕಂತು ಸರಿಯಾಗಿ ಹೋಗ್ತಿದ್ಯಾ ಅನ್ನೋಕೆ ಲೋನ್ ಸ್ಟೇಟ್‌ಮೆಂಟ್ ತೋರಿಸಿ ಅಂತ ಕೇಳಿ. "ನಮ್ಮ ಮೇಲೆ ನಂಬಿಕೆ ಇಲ್ವಾ" ಅಂತ ರೇಗಿದ್ರೆ ಅಲ್ಲಿಂದ ಎದ್ದು ಬನ್ನಿ.

ಅಗ್ರಿಮೆಂಟ್ ವಿಷ್ಯ. ಅಕ್ಕನ ಮನೇದು ಬಾಯಲ್ಲಿ ಮೂರು ವರ್ಷ, ಪೇಪರಲ್ಲಿ 11 ತಿಂಗಳು, ಒಂದು ಸ್ಟಾಂಪ್ ಪೇಪರ್, ನೋಟರಿ ಸೀಲು, ಮುಗೀತು. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ರಿಜಿಸ್ಟರ್ ಆಗ್ಲೇಬೇಕು, ಆ ಖರ್ಚು ತಪ್ಪಿಸೋಕೇ ಎಲ್ರೂ ಹನ್ನೊಂದು ತಿಂಗಳು ಅಂತ ಬರೆಯೋದು. ತಿಂಗಳ ಬಾಡಿಗೆಗೆ ಅದು ನಡೆಯತ್ತೆ, ಹತ್ತು ಲಕ್ಷ ಕೊಡೋವಾಗ ಖಂಡಿತ ಬೇಡ, ಖರ್ಚಾದ್ರೂ ಸಬ್‌ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ. ಆದ್ರೆ ಅಡಮಾನ ಮೊದ್ಲೇ ಇದ್ರೆ ರಿಜಿಸ್ಟರ್ ಮಾಡ್ಸಿದ್ರೂ ಬ್ಯಾಂಕೇ ಮುಂದೆ ನಿಂತಿರತ್ತೆ, ಅದಕ್ಕೇ ನಾನು ಇಸಿ ಇಸಿ ಅಂತ ಬಡ್ಕೊತಿರೋದು.

ಸೈನ್ ಹಾಕೋರು ಯಾರು ಅನ್ನೋದೂ ಅಷ್ಟೇ ಮುಖ್ಯ. ಓನರ್‌ಗೆ ತಿಂಗಳ ಬಾಡಿಗೆ ಕೊಡ್ತೀವಿ ಅಂತ ಮನೆ ತಗೊಂಡು, ನಮ್ಮಂಥೋರಿಗೆ ಭೋಗ್ಯಕ್ಕೆ ಕೊಟ್ಟು, ಲಕ್ಷಗಟ್ಟಲೆ ತಗೊಂಡು ಮಾಯ ಆಗೋ ಮಧ್ಯವರ್ತಿಗಳಿದಾರೆ. ಖಾತೆ, ಟ್ಯಾಕ್ಸ್ ರಸೀದಿ, ಆಧಾರ್ ಮೂರರಲ್ಲೂ ಒಂದೇ ಹೆಸರಿರ್ಲಿ, ದುಡ್ಡು ಆ ಹೆಸರಿನ ಅಕೌಂಟಿಗೇ ಹೋಗ್ಲಿ, ಕ್ಯಾಶ್ ಒಂದ್ರೂಪಾಯೂ ಬೇಡ.

ಮಿಕ್ಕಿದ್ದು ನಿಮಗೇ ಗೊತ್ತಿರತ್ತೆ: ಕರೆಂಟ್ ಮೀಟರ್ ಬೇರೆ ಇದ್ಯಾ (ಗೃಹಜ್ಯೋತಿಗೆ ಆರ್‌ಆರ್ ನಂಬರ್ ಬೇಕಲ್ವಾ), ಕಾವೇರಿ ನೀರು ಬರತ್ತಾ ಇಲ್ಲ ಬರೀ ಬೋರಾ, 2024ರ ಬೇಸಿಗೇಲಿ ಟ್ಯಾಂಕರ್ ದುಡ್ಡು ಯಾರು ಕೊಟ್ರು ಅಂತ ಪಕ್ಕದ ಮನೆಯವರನ್ನ ಕೇಳಿ.

ಇನ್ನೊಂದು, ಬಿಡೋವಾಗ ದುಡ್ಡು ಅಕೌಂಟಿಗೆ ಬೀಳೋವರ್ಗೂ ಬೀಗದ ಕೀ ಕೊಡ್ಬೇಡಿ, ಇದನ್ನ ಅಗ್ರಿಮೆಂಟಲ್ಲೇ ಬರೆಸಿ. ನಮ್ಮಕ್ಕ, ಓನರ್ ತಮ್ಮ ಬಂದು "ಮುಂದಿನ ವಾರ ಕೊಡ್ತೀವಿ" ಅಂದಿದ್ದನ್ನ ನಂಬಿ ಕೀ ಕೊಟ್ಬಿಟ್ಲು. ಆಮೇಲೆ ಓಡಾಡಿ ಓಡಾಡಿ 6 ಲಕ್ಷ ಬಂದಿದೆ, ಇನ್ನು 4 ಲಕ್ಷ ಬರ್ಬೇಕು, ಊರಿನ ಜಮೀನಿಂದು.