ಲುಲ್ವರ್ತಿಯಾ: ನೂಲೆಳೆಯಂಥ ಬೀಜಕ, ಬದಲಾದ ಗಣ

ಕಡಲಲ್ಲಿ ಬಹುಕಾಲ ನೆನೆದ ಮರದ ತುಂಡನ್ನು ತೇವ ಆರದಂತೆ ಇಟ್ಟುಕೊಂಡು ಸೂಕ್ಷ್ಮದರ್ಶಕದಡಿ ನೋಡಿದರೆ, ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಕಪ್ಪು ಚುಕ್ಕೆಗಳು ಅಲ್ಲಲ್ಲಿ ಹುದುಗಿರುವುದು ಕಾಣಿಸುತ್ತದೆ. ಅಂಥದೊಂದನ್ನು ಸೂಜಿಯಿಂದ ಬಿಡಿಸಿ ನೀರಹನಿಯಲ್ಲಿ ಮೆಲ್ಲಗೆ ಒತ್ತಿದಾಗ ಬಣ್ಣವಿಲ್ಲದ ಎಳೆಗಳ ಕಂತೆಯೊಂದು ಹೊರಬಿತ್ತು; ಅವು ಶಿಲೀಂಧ್ರದ ಬೀಜಕಗಳೆಂದು, ಅಂದರೆ ಅದರ ಸಂತಾನ ಹರಡುವ ಕಣಗಳೆಂದು ನಂಬಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು. ಪ್ರತಿ ಎಳೆಯ ಎರಡೂ ತುದಿಗಳಲ್ಲಿ ಶಂಕುವಿನಾಕಾರದ ಪುಟ್ಟ ಕೋಣೆ, ಅದರೊಳಗೆ ಲೋಳೆ. ನೀರಿನಲ್ಲಿ ತೇಲಿಬಂದ ಬೀಜಕ ಮರಕ್ಕೆ ತಾಗಿದೊಡನೆ ಅಂಟಿಕೊಳ್ಳಲು ನೆರವಾಗುವುದು ಈ ಲೋಳೆಯೇ.

ಇದು ಲುಲ್ವರ್ತಿಯಾ ಎಂಬ ಕಡಲ ಶಿಲೀಂಧ್ರಗಳ ಕುಲದ (ಹತ್ತಿರದ ಪ್ರಭೇದಗಳ ಗುಂಪಿನ) ಗುರುತು. 1916ರಲ್ಲಿ ಸದರ್ಲೆಂಡ್ ಎಂಬ ವಿಜ್ಞಾನಿ ಫ್ಯೂಕಸ್ ಎಂಬ ಕಂದು ಕಡಲಪಾಚಿಯ ಮೇಲೆ ಕಂಡ ಶಿಲೀಂಧ್ರಕ್ಕೆ ಲುಲ್ವರ್ತಿಯಾ ಫ್ಯೂಸಿಕೋಲಾ ಎಂದು ಹೆಸರಿಟ್ಟು ಈ ಕುಲವನ್ನು ಸ್ಥಾಪಿಸಿದರು. ಇಂಗ್ಲೆಂಡಿನ ಡಾರ್ಸೆಟ್ ಕರಾವಳಿಯ ಲುಲ್ವರ್ತ್ ಎಂಬ ಊರಿನ ಹೆಸರು ಹೀಗೆ ಕುಲದ ಹೆಸರಿನಲ್ಲಿ ಉಳಿಯಿತು. ಮ್ಯಾಂಗ್ರೋವ್ ಮರದಲ್ಲಿ ಬೆಳೆಯುವ ಲುಲ್ವರ್ತಿಯಾ ಗ್ರಾಂಡಿಸ್ಪೋರಾದ ಬೀಜಕವಂತೂ ಅರ್ಧ ಮಿಲಿಮೀಟರನ್ನೂ ಮೀರುತ್ತದೆ. ದಪ್ಪ ಮಾತ್ರ ಕೆಲವೇ ಮೈಕ್ರೋಮೀಟರ್.

ವರ್ಗೀಕರಣದ ತೊಡಕು ಶುರುವಾಗುವುದು ಬೀಜಕಗಳನ್ನು ಹೊತ್ತ ಚೀಲದಿಂದ. ನೆಲದ ಮೇಲಿನ ಎಷ್ಟೋ ಶಿಲೀಂಧ್ರಗಳಲ್ಲಿ ಈ ಚೀಲ ಬೀಜಕಗಳನ್ನು ಗಾಳಿಗೆ ಚಿಮ್ಮಿಸುತ್ತದೆ. ಲುಲ್ವರ್ತಿಯಾದಲ್ಲಿ ಅದು ಬೇಗನೆ ಕರಗಿಹೋಗಿ, ಬೀಜಕಗಳು ಸುಮ್ಮನೆ ನೀರಿಗೆ ಜಾರುತ್ತವೆ. ಹ್ಯಾಲೊಸ್ಫೇರಿಯೇಲೀಸ್ ಗಣದ (ಗಣವೆಂದರೆ ಕುಲ, ಕುಟುಂಬಗಳಿಗಿಂತ ದೊಡ್ಡ ಗುಂಪು) ಕಡಲ ಶಿಲೀಂಧ್ರಗಳಲ್ಲೂ ಹಾಗೆಯೇ ಆಗುವುದರಿಂದ, ಲುಲ್ವರ್ತಿಯಾವನ್ನೂ ಅದರ ಹತ್ತಿರದ ಲಿಂಡ್ರಾ ಕುಲವನ್ನೂ ಬಹುಕಾಲ ಅದೇ ಗಣಕ್ಕೆ ಸೇರಿಸಲಾಗಿತ್ತು. ಕಣ್ಣಿಗೆ ಕಂಡಷ್ಟನ್ನೇ ನೆಚ್ಚಬೇಕಾಗಿದ್ದ ಕಾಲದಲ್ಲಿ ಅದು ತಪ್ಪೆನ್ನುವಂತಿರಲಿಲ್ಲ.

1998ರಲ್ಲಿ ಸ್ಪಟಫೋರಾ, ಫೋಕ್‌ಮನ್-ಕೋಲ್‌ಮೆಯರ್ ಮತ್ತು ಕೋಲ್‌ಮೆಯರ್ ಎಂಬ ವಿಜ್ಞಾನಿಗಳು ರೈಬೋಸೋಮಿನ (ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ಕಣದ) ಆರ್‌ಎನ್‌ಎಗೆ ಸಂಬಂಧಿಸಿದ ಡಿಎನ್‌ಎಯನ್ನು ಹೋಲಿಸಿದಾಗ ಲುಲ್ವರ್ತಿಯಾ ಮತ್ತು ಲಿಂಡ್ರಾ ಹ್ಯಾಲೊಸ್ಫೇರಿಯೇಲೀಸಿಗಿಂತ ಬೇರೆಯದೇ ವಂಶಕ್ಕೆ ಸೇರಿದವೆಂದು ತಿಳಿಯಿತು. ಅಂದರೆ ನೆಲದ ಮೇಲಿದ್ದ ಶಿಲೀಂಧ್ರಗಳು ಒಂದಕ್ಕಿಂತ ಹೆಚ್ಚು ಸಲ ಕಡಲಿಗೆ ಇಳಿದಿವೆ, ಮತ್ತು ಪ್ರತಿಸಲವೂ ನೀರಿನಲ್ಲಿ ಕೆಲಸಕ್ಕೆ ಬಾರದ ಚಿಮ್ಮುವ ಚೀಲವನ್ನು ಕಳೆದುಕೊಂಡಿವೆ. ಈ ಕುಲದ ಬಗ್ಗೆ ನಾನು ಓದಿದ್ದರಲ್ಲೆಲ್ಲ ನನ್ನನ್ನು ಹೆಚ್ಚು ಹಿಡಿದಿಟ್ಟ ಸಂಗತಿ ಇದು. 2000ದಲ್ಲಿ ಲುಲ್ವರ್ತಿಯೇಲೀಸ್ ಎಂಬ ಗಣವನ್ನೂ ಲುಲ್ವರ್ತಿಯೇಸೀ ಎಂಬ ಕುಟುಂಬವನ್ನೂ ಹೊಸದಾಗಿ ಸ್ಥಾಪಿಸಲಾಯಿತು. 2015ರಲ್ಲಿ ಸೊರ್ಡಾರಿಯೊಮೈಸೀಟೀಸ್ ವರ್ಗದೊಳಗೆ ಇವುಗಳಿಗೆಂದು ಒಂದು ಉಪವರ್ಗವೂ ಬಂತು. ಹಳೆಯ ಹ್ಯಾಲೊಸ್ಫೇರಿಯೇಲೀಸಿನ ಬಳಗ ಈಗ ಮೈಕ್ರೋಆಸ್ಕೇಲೀಸ್ ಗಣದಲ್ಲಿದೆ.

ಕುಲದ ಒಳಗಿನ ಗೋಜಲು ಇಷ್ಟು ಸಲೀಸಾಗಿ ಬಿಡಿಸಿಕೊಂಡಿಲ್ಲ. ಹಿಂದೆ ಪ್ರಭೇದಗಳನ್ನು ಬಹುಮಟ್ಟಿಗೆ ಬೀಜಕದ ಉದ್ದ ನೋಡಿಯೇ ಬೇರ್ಪಡಿಸುತ್ತಿದ್ದರು, ಆದರೆ ಒಂದರ ಅಳತೆ ಇನ್ನೊಂದರ ಅಳತೆಯೊಳಗೆ ಸೇರಿಕೊಳ್ಳುತ್ತದೆ. 2005ರಲ್ಲಿ ಡಿಎನ್‌ಎ ಆಧಾರದ ಮೇಲೆ ಲುಲ್ವರ್ತಿಯಾ ಯೂನಿಸೆಪ್ಟೇಟಾವನ್ನು ಲುಲ್ವೋನಾ ಎಂಬ ಹೊಸ ಕುಲಕ್ಕೆ ವರ್ಗಾಯಿಸಲಾಯಿತು. ನೆನೆದ ಮರದ ಮೇಲೆ ಕಪ್ಪಗೆ ಸುರುಳಿ ಸುತ್ತಿದ ಬೀಜಕಗಳನ್ನು ಬಿಡುವ, ಜೆಲೇರಿಯಾನ್ ಮಾರಿಟಿಮಾ ಎಂಬ ಹೆಸರಿನಲ್ಲಿ ಬೇರೆಯೇ ಪ್ರಭೇದವಾಗಿ ದಾಖಲಾಗಿದ್ದ ಶಿಲೀಂಧ್ರವೂ ಇದೇ ಲುಲ್ವೋನಾದ ಅಲೈಂಗಿಕ ರೂಪ, ಅಂದರೆ ಲೈಂಗಿಕ ಕೂಡಿಕೆಯಿಲ್ಲದೆ ಬೀಜಕ ಬಿಡುವ ರೂಪ.