ಮೊದಲು ಉಸಿರು ಬಿಡಿ

ಆಸ್ಪತ್ರೆಯೊಂದರಲ್ಲಿ ನಾನು ಫಾರ್ಮಸಿಸ್ಟ್. ಉಬ್ಬಸದವರ ಕೈಗೆ ಇನ್ಹೇಲರ್ ಕೊಟ್ಟು ‘ಉಸಿರು ಎಳೆದುಕೊಳ್ಳಿ’ ಎಂದಷ್ಟೇ ಹೇಳಿ ಕಳುಹಿಸಿದರೆ ಔಷಧದ ಬಹುಪಾಲು ಬಾಯಿ, ಗಂಟಲಲ್ಲೇ ಉಳಿದುಬಿಡುತ್ತದೆ. ಹೇಗೆ ಎಳೆಯಬೇಕು ಎಂಬುದನ್ನು ಕೈಯಲ್ಲಿರುವ ಸಾಧನ ನಿರ್ಧರಿಸುತ್ತದೆ.

ಜನ ‘ಪಂಪ್’ ಎನ್ನುವ, ಒತ್ತುವ ಇನ್ಹೇಲರ್‌ನಿಂದ ಔಷಧ ತಾನಾಗಿಯೇ ರಭಸದಿಂದ ಚಿಮ್ಮುತ್ತದೆ. ನಾವೂ ರಭಸದಿಂದ ಎಳೆದರೆ ಹನಿಗಳು ಗಂಟಲಿನ ತಿರುವಿಗೆ ಬಡಿದು ಅಲ್ಲೇ ಅಂಟಿಕೊಳ್ಳುತ್ತವೆ. ಶ್ವಾಸಕೋಶದ ಸಣ್ಣ ನಾಳಗಳವರೆಗೆ ಇಳಿಯುವುದು ಹೆಚ್ಚಾಗಿ 1ರಿಂದ 5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಕಣಗಳು. ಆದ್ದರಿಂದ ನಾಲ್ಕೈದು ಸೆಕೆಂಡು ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಬಿಗಿಹಿಡಿಯಬೇಕು. ಕ್ಯಾಪ್ಸೂಲ್ ಹಾಕುವ ಪುಡಿಯ ಇನ್ಹೇಲರ್‌ನದು ತದ್ವಿರುದ್ಧ. ಅದಕ್ಕೆ ಸ್ವಂತ ಬಲವಿಲ್ಲ, ಪುಡಿಯನ್ನು ಎಬ್ಬಿಸುವುದು ರೋಗಿಯ ಉಸಿರೇ. ಬಿಸಿ ಪಾಯಸವನ್ನು ಸೊರ್ರೆಂದು ಹೀರಿದಂತೆ ಮೊದಲಿನಿಂದಲೇ ಜೋರಾಗಿ ಎಳೆಯಿರಿ ಎನ್ನುತ್ತೇನೆ. (ಆ ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗಿ ಬಂದವರನ್ನೂ ಕಂಡಿದ್ದೇನೆ.)

ಹಳೆಯ ಬೀಡಿ ಚಟದ ಹಿರಿಯರೊಬ್ಬರು, “ಸೇದುವುದನ್ನು ನೀವು ನನಗೆ ಹೇಳಿಕೊಡುತ್ತೀರಾ?” ಎಂದು ನಕ್ಕರು. “ಒಮ್ಮೆ ತೋರಿಸಿ ಯಜಮಾನರೇ” ಎಂದೆ. ಪಂಪ್ ಒತ್ತಿ, ಕೆನ್ನೆ ಉಬ್ಬಿಸಿಕೊಂಡು ಕುಳಿತರು. ತುಟಿಯಂಚಿನಿಂದ ಬಿಳಿ ಆವಿ ಸುಳಿದು ಹೊರಟಿತು, ಎದೆ ಮಿಸುಕಲಿಲ್ಲ. ಒಳಗೆ ಮೊದಲೇ ಗಾಳಿ ತುಂಬಿಕೊಂಡಿದ್ದರೆ ಔಷಧಕ್ಕೆ ಜಾಗವೆಲ್ಲಿ? ಪೂರ್ತಿ ಉಸಿರು ಬಿಡಿಸಿ, ಮತ್ತೆ ಒತ್ತಿಸಿದಾಗ ಅವರ ಅಂಗಿಯ ಗುಂಡಿಗಳು ಮೇಲೆದ್ದವು.

ಅಂದಿನಿಂದ ಕೌಂಟರಿನಲ್ಲಿ ನನ್ನ ಮೊದಲ ಮಾತು ‘ಉಸಿರು ಬಿಡಿ’ ಎಂಬುದೇ. ಪುಡಿಯ ಸಾಧನವಾದರೆ ಅದನ್ನು ಬಾಯಿಂದ ದೂರ ಹಿಡಿದು ಬಿಡಬೇಕು, ಒಳಗೆ ಊದಿದರೆ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ಒತ್ತುವುದೂ ಎಳೆಯುವುದೂ ಒಂದೇ ಹೊತ್ತಿಗೆ ಕೂಡಿಬರದವರು ಪಂಪಿಗೆ ಸ್ಪೇಸರ್, ಅಂದರೆ ಚಿಮ್ಮಿದ ಔಷಧವನ್ನು ಕ್ಷಣಕಾಲ ಹಿಡಿದಿಡುವ ಟೊಳ್ಳು ಕೊಳವೆ, ಜೋಡಿಸಿಕೊಳ್ಳುವುದೇ ವಾಸಿ. ಮಕ್ಕಳಿಗಂತೂ ಅದು ಬೇಕೇ ಬೇಕು. ಸ್ಟೀರಾಯ್ಡ್ ಇರುವ ಔಷಧವಾದರೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಪದರ ಕಟ್ಟುವ ಸೋಂಕು ಬರಬಹುದು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಸಾಲಿನಲ್ಲಿ ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ. ತಿಂಗಳ ನಂತರ ಔಷಧಕ್ಕೆ ಬಂದವರಿಗೂ ಇನ್ನೊಮ್ಮೆ ಮಾಡಿ ತೋರಿಸಲು ಹೇಳುತ್ತೇನೆ. ಚೆನ್ನಾಗಿ ಕಲಿತವರೂ ಅಷ್ಟರಲ್ಲಿ ಒಂದೆರಡು ಹಂತ ಬಿಟ್ಟಿರುತ್ತಾರೆ, ಹೆಚ್ಚಾಗಿ ಆ ಮೊದಲನೆಯದನ್ನೇ.