ಪ್ರೆಶರ್ ವಾಷರ್ ಎತ್ತಿಡುವ ಮೊದಲು

ಕಳೆದ ಏಪ್ರಿಲ್‌ನಲ್ಲಿ ಡೆಕ್ ತೊಳೆಯೋಣ ಅಂತ ಪ್ರೆಶರ್ ವಾಷರ್, ಅಂದರೆ ರಭಸವಾಗಿ ನೀರು ಚಿಮ್ಮಿಸಿ ತೊಳೆಯುವ ಯಂತ್ರ, ಹೊರಗೆ ತಂದೆ. ಎಂಜಿನ್ ಸ್ಟಾರ್ಟ್ ಆಯಿತು, ಆದರೆ ಗನ್‌ನಲ್ಲಿ ಒತ್ತಡವೇ ಇಲ್ಲ. ಬಗ್ಗಿ ನೋಡಿದರೆ ಪಂಪಿನ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು, ಅಲ್ಲಿಂದ ನೀರು ಜಿನುಗುತ್ತಿತ್ತು. ತುಂಬಾ ಬೇಜಾರಾಯಿತು.

ನಾವಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ. ಇಲ್ಲಿ ಜನವರಿ ರಾತ್ರಿ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಆಗುವುದು ಅಪರೂಪವೇನಲ್ಲ, ಹೀಟರ್ ಇಲ್ಲದ ಗ್ಯಾರೇಜೂ ಕೊರೆಯುತ್ತದೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಪೈಪ್ ಬಿಚ್ಚಿಟ್ಟಿದ್ದೆ, ನಿಜ. ಆದರೆ ಪಂಪಿನ ಒಳಗೆ, ವಾಲ್ವ್‌ಗಳ ಸಂದಿಯಲ್ಲಿ ಉಳಿದ ನೀರು ತಾನಾಗಿ ಹೊರಗೆ ಬರುವುದಿಲ್ಲ. ಅಷ್ಟು ನೀರು ಸಾಕು, ಲೋಹ ಸೀಳಿಬಿಡುತ್ತದೆ.

ಹಾಗಾಗಿ ಈ ಸಲ ಅಕ್ಟೋಬರ್‌ನಲ್ಲೇ ಕೂತು ಮಾಡಿದೆ. ಮೊದಲು ಪೆಟ್ರೋಲ್ ಕೆಲಸ. ಟ್ಯಾಂಕಿಗೆ ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಜರ್ ಹಾಕಿ, ನೀರಿನ ನಲ್ಲಿ ತೆರೆದಿಟ್ಟೇ ಎಂಜಿನ್ ಐದು ನಿಮಿಷ ಓಡಿಸಿದೆ, ಯಾಕೆಂದರೆ ಅದು ಬೆರೆತ ಪೆಟ್ರೋಲ್ ಕಾರ್ಬ್ಯುರೇಟರ್‌ವರೆಗೂ ಹೋಗಬೇಕು, ಇಲ್ಲದಿದ್ದರೆ ಹಳೇ ಪೆಟ್ರೋಲ್ ಅಲ್ಲೇ ಅಂಟಂಟಾಗಿ ಕೂರುತ್ತದೆ. ನಲ್ಲಿ ಮಾತ್ರ ಮುಚ್ಚಬೇಡಿ. ಊರಲ್ಲಿ ಮೋಟರ್ ಡ್ರೈ ರನ್ ಆದರೆ ಹಾಳು ಅಂತೀವಲ್ವಾ, ಇದೂ ಹಾಗೇ, ನೀರಿಲ್ಲದೆ ಓಡಿದರೆ ಸೀಲ್ ಹೋಗುತ್ತದೆ. ಸೋಪು ಎಳೆಯುವ ಸಣ್ಣ ಟ್ಯೂಬನ್ನೂ ಆಗಲೇ ಬರೀ ನೀರಿನಲ್ಲಿ ತೊಳೆದೆ.

ಆಮೇಲೆ ಎಂಜಿನ್ ಆಫ್, ನಲ್ಲಿ ಬಂದ್, ಟ್ರಿಗರ್ ಒತ್ತಿ ಒತ್ತಡ ಬಿಟ್ಟೆ. ಪೈಪ್‌ಗಳನ್ನೆಲ್ಲ ಬಿಚ್ಚಿದೆ. ಸ್ವಿಚ್ ಆಫ್‌ನಲ್ಲೇ ಇಟ್ಟು ಸ್ಟಾರ್ಟರ್ ಹಗ್ಗ ನಾಲ್ಕೈದು ಸಲ ಎಳೆದರೆ ಪಂಪಿನಿಂದ ಇನ್ನಷ್ಟು ನೀರು ಚೆಲ್ಲಿತು! ಹೋದ ವರ್ಷ ಉಳಿದದ್ದು ಇದೇ ನೀರು.

ಕೊನೆಗೆ ಆ್ಯಂಟಿಫ್ರೀಜ್, ಅಂದರೆ ಹೆಪ್ಪುಗಟ್ಟದಂತೆ ತಡೆಯುವ ದ್ರವ. ಕಾರಿಗೆ ಹಾಕುವುದು ಬೇಡ, ಅದು ವಿಷ, ಮನೆಯಲ್ಲಿ ಮಕ್ಕಳು, ನಾಯಿ ಇರುತ್ತಾರೆ. ಕ್ಯಾಂಪಿಂಗ್ ಗಾಡಿಗಳ ನೀರಿನ ಪೈಪಿಗೆ ಹಾಕುವ ಗುಲಾಬಿ ಬಣ್ಣದ್ದು ಸಿಗುತ್ತದಲ್ಲ, ಅದು ಸಾಕು. ನೀರು ಒಳಗೆ ಹೋಗುವ ಬಾಯಿಗೆ ಮೊಳದುದ್ದದ ಪೈಪ್ ಸಿಕ್ಕಿಸಿ, ಅದರಲ್ಲಿ ಸುರಿದು, ಆ ಕಡೆಯಿಂದ ಗುಲಾಬಿ ಬಣ್ಣ ಬರುವವರೆಗೂ ಹಗ್ಗ ಎಳೆದೆ. ಇದಕ್ಕೇ ಅಂತ ಪಂಪ್ ಸೇವರ್ ಡಬ್ಬಿಯೂ ಸಿಗುತ್ತದೆ, ಇನ್ನೂ ಸುಲಭ.

ಹಾಂ, ಮನೆ ಹೊರಗಿನ ನಲ್ಲಿಗೆ ಹಾಕಿದ ಪೈಪನ್ನೂ ಅವತ್ತೇ ಬಿಚ್ಚಿ. ಪೈಪ್ ಅಲ್ಲೇ ಇದ್ದರೆ ನೀರು ಹಿಂದೆ ನಿಂತು, ಗೋಡೆಯೊಳಗಿನ ಕೊಳವೆಯೇ ಒಡೆಯಬಹುದು.